ಹೆಂಡತಿ ಕಳ್ಳಿ, ಅಮ್ಮ ಫೈಟರ್

ಹೋದ ತಿಂಗಳು ನನ್ನ ಹೆಂಡತಿ ಕಳ್ಳಿಯಾದಳು.

ಗಾಬರಿಯಾಗಬೇಡಿ. ಪೊಲೀಸ್ ಸ್ಟೇಷನ್ನಿಗೆ ಹೋಗುವಂಥದ್ದೇನಲ್ಲ. ಆದರೆ ಅದು ನಡೆದದ್ದು ನನ್ನ ಮನೆಯಲ್ಲೇ, ನನ್ನ ಕಣ್ಣೆದುರಿಗೇ, ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು ಕೈ ತೊಳೆದ ಮೇಲೆ. ಎಪ್ಪತ್ತೆರಡು ವರ್ಷದ ನನ್ನ ತಾಯಿ ಅದಕ್ಕೆ ಪೂರ್ತಿ ಬೆಂಬಲ ಕೊಟ್ಟಳು. ಮಗಳು ಚಪ್ಪಾಳೆ ತಟ್ಟಿದಳು. ವಿರೋಧಿಸಿದವನು ನಾನೊಬ್ಬನೇ. ನನ್ನ ಮಾತು ಯಾರು ಕೇಳುತ್ತಾರೆ? (ಈ ಅಂಕಣವನ್ನು ವಾರವಾರವೂ ಓದುವವರಿಗೆ ಉತ್ತರ ಗೊತ್ತು.)

ಮೊದಲಿನಿಂದ ಹೇಳುತ್ತೇನೆ.

ಮಗಳು ಸುಷ್ಮಾಗೆ ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಯಿತು, ಸಿಇಟಿಯೂ ಮುಗಿಯಿತು. ರಿಸಲ್ಟ್ ಬರುವವರೆಗೆ ಅವಳಿಗೆ ಕೆಲಸವಿಲ್ಲ. ಓದಿಗೆ ಬೇಕೇ ಬೇಕು ಎಂದು ಹಟ ಹಿಡಿದು ಎರಡು ವರ್ಷದ ಹಿಂದೆ ಕೊಡಿಸಿಕೊಂಡ ಕಂಪ್ಯೂಟರ್ ಹಾಲಿನ ಮೂಲೆಯಲ್ಲಿದೆ. (ಅದರಲ್ಲಿ ಅವಳು ಓದಿದ್ದನ್ನು ಕಂಡವರು ದಯವಿಟ್ಟು ತಿಳಿಸಿ.) ಅದಕ್ಕೆ ನನ್ನ ಹೆಂಡತಿ ವಿಜಯಾ ಹಳೆಯ ಕರ್ಟನ್ನಿನಿಂದ ಹೂವಿನ ಗವಸು ಹೊಲಿದಿದ್ದಾಳೆ. ಸಂಜೆ ಆಟ ಮುಗಿದ ಮೇಲೆ ಗವಸು ಹಾಕದೆ ಎದ್ದರೆ ಬೈಗುಳ ಗ್ಯಾರಂಟಿ.

ಕುಕ್ ಟೌನಿನ ಗೆಳತಿಯ ಮನೆಯಿಂದ ಸುಷ್ಮಾ ಮೂರು ಸಿಡಿ ತಂದಳು. ಗೇಮು. ಕಾರು ಓಡಿಸುವುದು, ಗುಂಡು ಹಾರಿಸುವುದು ಅಂಥದ್ದಲ್ಲ. ಒಂದು ಹಾಳು ಕೋಟೆ, ಅದರ ಕೆಳಗೆ ಏಳು ಅಂತಸ್ತಿನ ಸುರಂಗ, ತಳದಲ್ಲಿ ಒಂದು ಕಿರೀಟ. ನಾಲ್ಕು ಜನರ ತಂಡ ಕಟ್ಟಿಕೊಂಡು ಇಳಿಯಬೇಕು. ಮಜಾ ಏನಪ್ಪಾ ಅಂದರೆ, ಆಟ ಶುರುವಾಗುವ ಮೊದಲು ಆ ನಾಲ್ಕು ಜನ ಯಾರು, ಎಂಥವರು ಎಂದು ನಾವೇ ತೀರ್ಮಾನಿಸಬೇಕು. ಒಬ್ಬೊಬ್ಬರಿಗೂ ಒಂದು ಹೆಸರು, ಒಂದು ಮುಖ, ಒಂದು ‘ಕ್ಲಾಸ್’.

ಕ್ಲಾಸ್ ಅಂದರೆ ಇಲ್ಲಿ ಕಸುಬು. ಫೈಟರ್ ಮುಂದೆ ನಿಂತು ಕತ್ತಿ ಬೀಸುತ್ತಾನೆ. ವಿಝರ್ಡ್ ಹಿಂದೆ ನಿಂತು ಮಂತ್ರ ಹಾಕಿ ಬೆಂಕಿ ಹಚ್ಚುತ್ತಾನೆ. ಹೀಲರ್ ಗಾಯಗೊಂಡವರಿಗೆ ಮದ್ದು ಮಾಡುತ್ತಾನೆ. ಥೀಫ್, ಅಂದರೆ ಕಳ್ಳ, ಬೀಗ ತೆಗೆಯುತ್ತಾನೆ. ಒಂದು ಸಲ ಒತ್ತಿದಿರೋ ಮುಗಿಯಿತು, ಆಮೇಲೆ ಬದಲಾಯಿಸುವ ಹಾಗಿಲ್ಲ.

ನಾವು ಮನೆಯಲ್ಲಿ ಲೆಕ್ಕಕ್ಕೆ ಸರಿಯಾಗಿ ನಾಲ್ಕೇ ಜನ ಇದ್ದೀವಲ್ಲ, ಎಲ್ಲರೂ ಸೇರೋಣ ಅಂದಳು ಸುಷ್ಮಾ. ನಾನು ತಕ್ಷಣ ಒಂದು ಬಿಳಿ ಹಾಳೆ, ಸ್ಕೇಲು, ಪೆನ್ನು ತಂದೆ.

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಮನೆಯಲ್ಲಿ ಫಾರಂ ತುಂಬುವವನು ನಾನು. ರೇಷನ್ ಕಾರ್ಡು, ಗ್ಯಾಸ್ ಕನೆಕ್ಷನ್ನು, ವೋಟರ್ ಲಿಸ್ಟು, ಸುಷ್ಮಾಳ ನರ್ಸರಿ ಅಡ್ಮಿಷನ್ನು, ಎಲ್ಲವೂ ನನ್ನ ಕೈಬರಹವೇ. ಕಾರ್ಖಾನೆಯ ಪ್ಲಾನಿಂಗ್ ಸೆಕ್ಷನ್ನಿನಲ್ಲಿ ಇಪ್ಪತ್ತೈದು ವರ್ಷದಿಂದ ಜಾಬ್ ಕಾರ್ಡ್ ಬರೆಯುತ್ತಿರುವ ಕೈ ಇದು. ಯಾವ ಕೆಲಸ ಯಾವ ಮೆಷಿನ್ನಿಗೆ, ಯಾವ ಮೆಷಿನ್ನಿಗೆ ಯಾವ ಆಳು ಎಂದು ಬರೆದು ಕೊಟ್ಟರೆ ಶಾಪ್ ಫ್ಲೋರಿನವರು ತುಟಿಪಿಟಕ್ಕೆನ್ನದೆ ಮಾಡಬೇಕು. ಮನೆಯಲ್ಲೂ ಅಷ್ಟೇ. ನಾನು ತುಂಬುತ್ತೇನೆ, ಉಳಿದವರು ಸಹಿ ಹಾಕುತ್ತಾರೆ. ವಿಜಯಾ ಇನ್ಶೂರೆನ್ಸ್ ಆಫೀಸಿನವಳು, ದಿನವಿಡೀ ಊರವರ ಫಾರಂಗಳನ್ನು ಜಾಲಾಡುವುದೇ ಅವಳ ಕೆಲಸ. ನಾವಿರುವುದೂ ಇಂದಿರಾನಗರದಾಚೆಯ ಇನ್ಶೂರೆನ್ಸ್ ಸ್ಟಾಫ್ ಕಾಲೋನಿಯಲ್ಲೇ, ಅವಳ ಹೆಸರಿಗೆ ಬಂದ ಕ್ವಾರ್ಟರ್ಸಿನಲ್ಲೇ. ಆದರೂ ಮನೆಯ ಫಾರಂ ಬಂದರೆ, ನೀವೇ ತುಂಬಿಬಿಡಿ ಅನ್ನುತ್ತಾಳೆ. ಅದು ನನ್ನ ಮೇಲಿನ ನಂಬಿಕೆ ಎಂದು ಇಪ್ಪತ್ತು ವರ್ಷ ತಿಳಿದುಕೊಂಡಿದ್ದೆ.

ಗೆರೆ ಎಳೆದೆ. ಕ್ರಮ ಸಂಖ್ಯೆ, ಹೆಸರು, ವಯಸ್ಸು, ಕ್ಲಾಸ್.

ಮೊದಲನೆಯ ಹೆಸರು ನನ್ನದು, ಫೈಟರ್. ಮನೆ ಯಜಮಾನ ಅಂದ ಮೇಲೆ ಇನ್ನೇನು? (ಹೊಟ್ಟೆ ಸ್ವಲ್ಪ ಮುಂದಿದೆ. ಫೈಟರ್ ಮುಂದೆ ಇರಬೇಕು ತಾನೆ?) ಎರಡನೆಯದು ವಿಜಯಾ, ಹೀಲರ್. ಇದಕ್ಕಂತೂ ಯೋಚನೆಯೇ ಬೇಕಿರಲಿಲ್ಲ. ದಿನಾ ಬೆಳಿಗ್ಗೆ ಏಳಕ್ಕೆ ಅಮ್ಮನಿಗೆ ಇನ್ಸುಲಿನ್ ಇಂಜೆಕ್ಷನ್ ಕೊಡುವವಳು ಅವಳೇ. ಮೂಗು ಸೋರಿದರೆ ಕಷಾಯ, ಬೆನ್ನು ಹಿಡಿದರೆ ಎಣ್ಣೆ, ಎಲ್ಲ ಅವಳ ಡಿಪಾರ್ಟ್‌ಮೆಂಟು. ಸುಷ್ಮಾ ಫಿಸಿಕ್ಸ್, ಕೆಮಿಸ್ಟ್ರಿ ಓದಿದವಳು, ಅದು ನನಗಂತೂ ಮಂತ್ರವೇ, ಆದ್ದರಿಂದ ವಿಝರ್ಡ್. ಉಳಿದದ್ದು ಅಮ್ಮ. ಉಳಿದ ಕ್ಲಾಸು ಥೀಫ್. ಹೆತ್ತ ತಾಯಿಯನ್ನು ಕಳ್ಳಿ ಎಂದು ಬರೆಯಲು ಕೈ ಒಂದು ಕ್ಷಣ ತಡೆಯಿತು. ಏನು ಮಾಡೋಣ, ಹುದ್ದೆ ಖಾಲಿ ಇದೆ ಅಂದ ಮೇಲೆ ಯಾರನ್ನಾದರೂ ತುಂಬಲೇಬೇಕು. ಬರೆದೆ. ಗಟ್ಟಿಯಾಗಿ ಓದಿದೆ.

ಅಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಕಳ್ಳಿಯ ಕೆಲಸ ಏನು ಎಂದು ಮೊಮ್ಮಗಳನ್ನು ಕೇಳಿದಳು. ಸುಷ್ಮಾ ವಿವರಿಸಿದಳು. ಎಲ್ಲರಿಗಿಂತ ಮುಂದೆ ಒಬ್ಬಳೇ ಹೋಗುವವಳು ಅವಳು. ಯಾರ ಕಣ್ಣಿಗೂ ಬೀಳದೆ ಗೋಡೆ ಸವರಿಕೊಂಡು ಹೋಗಿ, ಎಲ್ಲಿ ಗುಂಡಿ ಇದೆ, ಎಲ್ಲಿ ಮೋಸ ಇದೆ ಎಂದು ನೋಡಿ, ಬೀಗ ತೆಗೆದು, ಆಮೇಲೆ ಬನ್ನಿ ಅನ್ನುತ್ತಾಳೆ. ಅವಳು ಬನ್ನಿ ಅನ್ನದೆ ಫೈಟರೂ ಹೆಜ್ಜೆ ಇಡುವ ಹಾಗಿಲ್ಲ.

ವಿಜಯಾ ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಇದನ್ನೆಲ್ಲ ಕೇಳಿಸಿಕೊಂಡಳು. ಆ ಕಳ್ಳಿ ನನಗಿರಲಿ ಅಂದಳು.

ನಾನು ಹಾಳೆ ತೋರಿಸಿದೆ. ನಿನ್ನದು ಆಗಲೇ ಬರೆದಾಗಿದೆ, ನಿನಗೆ ಹೀಲರೇ ಸರಿ ಅಂದೆ.

‘ಮನೇಲಿ ಮಾಡೋದೇ ಅದು. ಆಟದಲ್ಲೂ ನಾನೇ ಮುಲಾಮು ಹಚ್ಕೊಂಡು ಕೂತ್ಕೋಬೇಕೇನ್ರೀ?’

ಅಷ್ಟರಲ್ಲಿ ಅಮ್ಮ ಕಳ್ಳಿಯನ್ನು ಸೊಸೆಗೆ ಬಿಟ್ಟುಕೊಟ್ಟಳು. ಹಾಗಾದರೆ ತನಗೆ ಕತ್ತಿ ಕೊಡಬೇಕಂತೆ. ಎಪ್ಪತ್ತೆರಡು ವರ್ಷ ಹೇಳಿದ್ದನ್ನು ಕೇಳಿಕೊಂಡೇ ಬಂದಿದ್ದಾಳಂತೆ, ಇನ್ನಾದರೂ ಯಾರಿಗಾದರೂ ನಾಲ್ಕು ಬಾರಿಸಬೇಕಂತೆ. ಸುಷ್ಮಾ ಆಗಲೇ ಮೌಸ್ ಒತ್ತಿಯಾಗಿತ್ತು. ಉಳಿದಿರೋದು ಹೀಲರ್ ಒಂದೇ ಅಪ್ಪಾ ಅಂದಳು. ಸ್ಕೇಲಿಟ್ಟು ಗೆರೆ ಎಳೆದ ನನ್ನ ಹಾಳೆಯಲ್ಲಿ ಅಮ್ಮ ಹುರಿಗಡಲೆ ಸುರಿದುಕೊಂಡು ತಿನ್ನತೊಡಗಿದಳು.

ಆಮೇಲೆ ದಾಳ. ಪ್ರತಿಯೊಬ್ಬರಿಗೂ ಬಲ ಎಷ್ಟು, ಬುದ್ಧಿ ಎಷ್ಟು, ಚುರುಕು ಎಷ್ಟು ಎಂದು ಕಂಪ್ಯೂಟರ್ ದಾಳ ಉರುಳಿಸಿ ಹೇಳುತ್ತದೆ. ಬಂದದ್ದು ಹಿಡಿಸದಿದ್ದರೆ ಮತ್ತೆ ಉರುಳಿಸಬಹುದು, ಎಷ್ಟು ಸಲ ಬೇಕಾದರೂ. ಅಮ್ಮನಿಗೆ ಇದನ್ನು ನಂಬಲಾಗಲಿಲ್ಲ. ಹಣೆಬರಹ ಹಿಡಿಸದಿದ್ದರೆ ಮತ್ತೆ ಬರೆಸಿಕೊಳ್ಳಬಹುದಾ ಎಂದು ಎರಡೆರಡು ಸಲ ಕೇಳಿದಳು. ಅಮ್ಮನಿಗೆ ಮೂರನೇ ಉರುಳಿಗೇ ಭೀಮನ ಬಲ ಬಂತು. ವಿಜಯಾಗೆ ಮೊದಲನೆಯದರಲ್ಲೇ ಬೇಕಾದ್ದೆಲ್ಲ ಬಂತು. ನನ್ನದು ಮಾತ್ರ ಮುಗಿಯಲಿಲ್ಲ. ಹೀಲರಿಗೆ ವಿವೇಕ ಜಾಸ್ತಿ ಇರಬೇಕಂತೆ. ‘ಅಪ್ಪಾ, ಎಷ್ಟು ಉರುಳಿಸಿದ್ರೂ ನಿನಗೆ ಅದೊಂದು ಬರ್ತಾನೇ ಇಲ್ಲ’ ಅಂದಳು ಮಗಳು. ನಿಮ್ಮ ಮನೆಯಲ್ಲೂ ಮಕ್ಕಳು ಹೀಗೇ ಮಾತಾಡುತ್ತಾರಾ?

ನಿಜ ಹೇಳಬೇಕೆಂದರೆ ಅಮ್ಮನ ಪ್ರಶ್ನೆ ನನ್ನ ತಲೆಯಲ್ಲಿ ಸುಮಾರು ಹೊತ್ತು ಕೂತಿತ್ತು. ನಮಗೆಲ್ಲ ಎಲ್ಲಿತ್ತು ಎರಡನೇ ಉರುಳು? ನಮ್ಮ ಕಾರ್ಖಾನೆಯಲ್ಲಿ ಒಬ್ಬ ಗೆಳೆಯನಿದ್ದಾನೆ, ವೆಲ್ಡರ್. ಕೆಲಸಕ್ಕೆ ಸೇರಲು ಬಂದ ದಿನ ಅವನು ಎಲೆಕ್ಟ್ರಿಷಿಯನ್ ಸಾಲಿನಲ್ಲಿ ನಿಂತಿದ್ದನಂತೆ. ಅದು ಉದ್ದವಾಯಿತು, ಈಚೆ ಬಾ ಎಂದು ಮೇಜಿನ ಹಿಂದಿದ್ದ ಗುಮಾಸ್ತ ಕೈ ಹಿಡಿದು ಪಕ್ಕದ ಸಾಲಿಗೆ ನಿಲ್ಲಿಸಿದನಂತೆ. ಇಪ್ಪತ್ತೇಳು ವರ್ಷ ಆಯಿತು, ಇವತ್ತಿಗೂ ವೆಲ್ಡಿಂಗ್ ಮಾಡುತ್ತಿದ್ದಾನೆ. ಮನೆಯಲ್ಲಿ ಫ್ಯೂಸ್ ಹೋದರೆ ಮಾತ್ರ ಅವನ ಮುಖ ಅರಳುತ್ತದೆ.

ಮನೆಗಳಲ್ಲಂತೂ ಸಾಲೂ ಇಲ್ಲ, ಗುಮಾಸ್ತನೂ ಇಲ್ಲ. ಜಿರಲೆ ಹೊಡೆಯುವವನು ಒಬ್ಬ, ಲೈಟ್ ಬಿಲ್ಲಿಗೆ ಕ್ಯೂ ನಿಲ್ಲುವವನು ಒಬ್ಬ, ಮುನಿಸಿಕೊಂಡ ನೆಂಟರಿಗೆ ಫೋನ್ ಮಾಡಿ ಸಮಾಧಾನ ಮಾಡುವವಳು ಒಬ್ಬಳು. ಯಾರು ಇದನ್ನು ಹಂಚಿದರು? ಯಾವತ್ತು? ಯಾರಿಗೂ ನೆನಪಿಲ್ಲ. ಒಂದು ಸಲ ಯಾರೋ ಅವಸರಕ್ಕೆ ಮಾಡಿರುತ್ತಾರೆ, ಅಷ್ಟೇ, ಅದು ಅವರ ಹಣೆಗೆ ಅಂಟಿಕೊಂಡುಬಿಡುತ್ತದೆ.

ಇರಲಿ, ಆಟಕ್ಕೆ ಬರೋಣ.

ದಿನಾ ಸಂಜೆ ಆರೂವರೆಗೆ ಕೂರುತ್ತಿದ್ದೆವು, ಅಮ್ಮನ ಸೀರಿಯಲ್ ಶುರುವಾಗುವವರೆಗೆ. ಸರದಿಯ ಆಟ ಅದು. ಅವರವರ ಟರ್ನ್ ಬಂದಾಗ ಅವರು ಹೇಳಬೇಕು, ಸುಷ್ಮಾ ಒತ್ತುತ್ತಾಳೆ. ಮೂರೇ ದಿನಕ್ಕೆ ವಿಜಯಾ ತನ್ನ ಟರ್ನಿಗೆ ಮೌಸನ್ನು ತಾನೇ ತೆಗೆದುಕೊಂಡಳು. ಅವಳ ಕಳ್ಳತನ ನೋಡಬೇಕಿತ್ತು ನೀವು! ಒಂದು ಕೋಣೆಗೆ ನುಗ್ಗುವ ಮೊದಲು ನೆಲದ ಒಂದೊಂದು ಕಲ್ಲನ್ನೂ ಒತ್ತಿ ನೋಡುತ್ತಾಳೆ. ನಮಗೆ ಅವಸರ, ಅವಳಿಗಿಲ್ಲ. ಇದೆಲ್ಲಿ ಕಲಿತೆ ಅಂದರೆ, ಆಫೀಸಿನಲ್ಲಿ ಇನ್ನೇನು ಮಾಡ್ತೀನಿ ಅಂದಳು. ತನಗೆ ನಲವತ್ತು ವರ್ಷ, ತನ್ನ ಮೊದಲ ಮಗನಿಗೆ ಮೂವತ್ತು ವರ್ಷ ಎಂದು ಒಂದೇ ಫಾರಂನಲ್ಲಿ ಬರೆದು ಕಳಿಸುವ ಜನರನ್ನು ಇಪ್ಪತ್ತೆರಡು ವರ್ಷದಿಂದ ಹಿಡಿಯುತ್ತಿದ್ದಾಳೆ. ಸುರಂಗದ ಗುಂಡಿಗಳು ಅವಳಿಗೆ ಯಾವ ಲೆಕ್ಕ?

ಅಮ್ಮ ಎದುರಿಗೆ ಬಂದದ್ದನ್ನೆಲ್ಲ ಕಡಿದು ಹಾಕಿದಳು. ಸುಷ್ಮಾ ಬೆಂಕಿ ಹಚ್ಚಿದಳು. ನಾನು ಎಲ್ಲರ ಹಿಂದೆ, ಒಂದು ದೊಣ್ಣೆ ಮತ್ತು ನಾಲ್ಕು ಔಷಧಿ ಮಂತ್ರ ಇಟ್ಟುಕೊಂಡು ನಿಂತಿದ್ದೆ. ಇದು ಕೆಲಸವಾ? ಬೇರೆಯವರಿಗೆ ಏನಾಗಿದೆ ಎಂದು ನೋಡುತ್ತ ನಿಲ್ಲಬೇಕು. ನನಗೇ ಅಂತ ಏನೂ ಇಲ್ಲ. ಯಾರೂ ಭೇಷ್ ಅನ್ನುವುದಿಲ್ಲ, ತಪ್ಪಿದರೆ ಮಾತ್ರ ಎಲ್ಲರೂ ತಿರುಗಿ ನೋಡುತ್ತಾರೆ. ಎರಡನೇ ವಾರ ಮೂರನೇ ಅಂತಸ್ತಿನಲ್ಲಿ ಹೆಗ್ಗಣಗಳು ಬಂದವು, ಕರುವಿನ ಗಾತ್ರದವು. ಅಮ್ಮನಿಗೆ ಗಾಯವಾಗಿತ್ತು. ನನ್ನ ಟರ್ನ್. ಅಜ್ಜಿಯ ಜೀವದ ಗೆರೆ ಕೆಂಪಾಗಿದೆ, ಮದ್ದು ಮಾಡಪ್ಪಾ ಅಂದಳು ಸುಷ್ಮಾ. ಅಷ್ಟರಲ್ಲಿ ನನ್ನ ಕಣ್ಣಿಗೆ ಅರೆಜೀವದ ಹೆಗ್ಗಣವೊಂದು ಬಿತ್ತು. ಒಂದೇ ಏಟಿಗೆ ಸಾಯುತ್ತೆ, ಹೊಡಿ ಅಂದೆ.

ಏಟು ತಪ್ಪಿತು. ಹೆಗ್ಗಣ ಅಮ್ಮನಿಗೆ ಬಾಯಿ ಹಾಕಿತು. ಪರದೆಯಲ್ಲಿ ಅಮ್ಮನ ಫೈಟರ್ ಬಿದ್ದು, ಮುಖದ ಜಾಗದಲ್ಲಿ ತಲೆಬುರುಡೆ ಬಂತು.

ಅಮ್ಮ ಕನ್ನಡಕ ತೆಗೆದು ನನ್ನ ಕಡೆ ನೋಡಿದಳು.

‘ನಾನು ಬೀಳೋವಾಗ ನೀನೆಲ್ಲಿದ್ಯೋ?’

ಸುಷ್ಮಾ ಹಿಂದಿನ ದಿನ ಸೇವ್ ಮಾಡಿದ್ದ ಆಟ ತೆಗೆದಳು, ಅಮ್ಮ ಎದ್ದು ಕೂತಳು, ಇನ್ನೂ ದೊಡ್ಡ ಕತ್ತಿ ಕೊಡಿಸು ಎಂದು ಜಬರದಸ್ತು ಮಾಡಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಎಲ್ಲೋ ಚುಚ್ಚಿತು. ಆಟ ತಾನೆ, ಇಷ್ಟೇಕೆ ಚುಚ್ಚಬೇಕು ಎಂದು ಆಗ ತಿಳಿಯಲಿಲ್ಲ.

ಅದೇ ವಾರ ವಿಜಯಾಳ ಆಫೀಸಿನಲ್ಲಿ ಪ್ರಮೋಷನ್ ಲಿಸ್ಟ್ ಬಂತು. ಅವಳ ಹೆಸರೂ ಇತ್ತು. ಆಫೀಸರ್ ಹುದ್ದೆ, ಪೋಸ್ಟಿಂಗ್ ಬಂಗಾರಪೇಟೆ. ಬೇಡ ಅನ್ನುವವರು ಮುಂದಿನ ಶುಕ್ರವಾರದೊಳಗೆ ಬರೆದುಕೊಡಬೇಕು.

ಹೀಗೆ ಬೇಡ ಎಂದು ಬರೆದುಕೊಡುವುದಕ್ಕೆ ಅವರಲ್ಲಿ ಫೋರ್ಗೋ ಲೆಟರ್ ಅನ್ನುತ್ತಾರೆ. ಹೆಂಗಸರೇ ಹೆಚ್ಚಾಗಿ ಕೃಷಿ ಮಾಡಿರುವ ಸಾಹಿತ್ಯ ಪ್ರಕಾರ ಅದು. ವಿಜಯಾ ಈಗಾಗಲೇ ಎರಡು ಬರೆದಿದ್ದಾಳೆ. ತಪ್ಪು ಹೇಳಿದೆ. ನಾನು ಎರಡು ಬರೆದಿದ್ದೇನೆ, ಅವಳು ಸಹಿ ಹಾಕಿದ್ದಾಳೆ. ಮೊದಲನೆಯದು ಸುಷ್ಮಾ ನರ್ಸರಿಯಲ್ಲಿದ್ದಾಗ. ಎರಡನೆಯದು ನಾಲ್ಕು ವರ್ಷದ ಹಿಂದೆ, ಅಮ್ಮನಿಗೆ ಮಾತ್ರೆ ಸಾಲದೆ ಇನ್ಸುಲಿನ್ ಶುರುವಾದಾಗ. ಈಗ ಮೂರನೆಯದು. ಈ ಸಲವೂ ಬೇಡ ಅಂದರೆ ಇನ್ನು ಅವಳ ಹೆಸರು ಲಿಸ್ಟಿಗೆ ಬರುವುದು ಅನುಮಾನ, ರಿಟೈರ್ ಆಗುವವರೆಗೆ ಅದೇ ಕುರ್ಚಿ.

ಈ ವಿಷಯವನ್ನು ಅವಳು ಶನಿವಾರ ಮಧ್ಯಾಹ್ನ ಸಾರು ಬಡಿಸುತ್ತ ಹೇಳಿದಳು. ಹೇಳಿ ಸುಮ್ಮನಾದಳು. ಅವಳು ಸುಮ್ಮನಾದಳು ಅಂದರೆ ನಮ್ಮ ಮನೆಯಲ್ಲಿ ಅದರ ಅರ್ಥ, ನೀವೇ ತುಂಬಿಬಿಡಿ ಎಂದು. ಹಾಗೆಂದು ನಾನು ತಿಳಿದೆ. ಭಾನುವಾರ ಬೆಳಿಗ್ಗೆ ಎಣ್ಣೆಸ್ನಾನ ಮಾಡಿ, ಒಳ್ಳೆಯ ಹಾಳೆ ತೆಗೆದುಕೊಂಡು, ಮುದ್ದಾದ ಇಂಗ್ಲಿಷಿನಲ್ಲಿ ಬರೆದೆ. ತಪ್ಪಿಸಲಾಗದ ಮನೆಯ ಪರಿಸ್ಥಿತಿಯ ಕಾರಣದಿಂದ ಈ ಬಡ್ತಿಯನ್ನು ಸ್ವೀಕರಿಸಲಾಗುತ್ತಿಲ್ಲ, ದಯವಿಟ್ಟು ಮನ್ನಿಸಬೇಕು. ಹಿಂದಿನ ಎರಡರಲ್ಲೂ ಇದೇ ವಾಕ್ಯ ಇತ್ತು, ಬಾಯಿಪಾಠ ಆಗಿತ್ತು. ಸಹಿ ಹಾಕುವ ಜಾಗದಲ್ಲಿ ಚುಕ್ಕಿ ಚುಕ್ಕಿ ಗೆರೆ ಎಳೆದು ಕೀಬೋರ್ಡಿನ ಮೇಲಿಟ್ಟೆ.

ಅವಳನ್ನು ಒಂದು ಮಾತು ಕೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಬೇಕೆಂದು ಕೇಳದೆ ಇದ್ದದ್ದಲ್ಲ ಸ್ವಾಮಿ, ಹೊಳೆಯಲೇ ಇಲ್ಲ. ಅದೇ ದೊಡ್ಡ ತಪ್ಪು ಅನ್ನುತ್ತೀರಾ? ಒಪ್ಪಿದೆ.

ಸಂಜೆ ಆಟಕ್ಕೆ ಕೂತಾಗ ಕಾಗದ ನನ್ನ ಕುರ್ಚಿಯ ಮೇಲಿತ್ತು. ಸಹಿ ಇರಲಿಲ್ಲ. ‘ಮನೆಯ ಪರಿಸ್ಥಿತಿ’ ಎಂಬಲ್ಲಿ ಕೆಳಗೆ ಪೆನ್ಸಿಲ್ಲಿನಿಂದ ಒಂದು ಗೆರೆ, ಪಕ್ಕದ ಅಂಚಿನಲ್ಲಿ ಪುಟ್ಟ ಅಕ್ಷರದಲ್ಲಿ ಷರಾ: ಕಾರಣ ಸ್ಪಷ್ಟವಿಲ್ಲ, ವಿವರ ತರಿಸಿ. ಅವಳು ಆಫೀಸಿನಲ್ಲಿ ಅರೆಬರೆ ತುಂಬಿದ ಫಾರಂಗಳನ್ನು ವಾಪಸ್ ಕಳಿಸುವುದು ಹೀಗೆಯೇ. ಇದೇನು ಅಂದೆ.

‘ಹೀಗೆ ಮುಚ್ಚುಮರೆಯಾಗಿ ಬರ್ದಿರೋದನ್ನ ನಾವು ಪಾಸ್ ಮಾಡಲ್ಲ ರೀ. ಏನು ಪರಿಸ್ಥಿತಿ ಅಂತ ಬಿಡಿಸಿ ಹೇಳಿ.’

ಸುಷ್ಮಾ ಮೌಸ್ ಬಿಟ್ಟು ತಿರುಗಿ ಕೂತಳು. ಅಮ್ಮ ಹುರಿಗಡಲೆ ಅಗಿಯುವುದನ್ನು ನಿಲ್ಲಿಸಿದಳು.

ಬಿಡಿಸಿ ಹೇಳಲು ಹೊರಟೆ. ಮಗಳು ಅಂದೆ. ಮಗಳಿಗೆ ಹದಿನೆಂಟು, ವಿಝರ್ಡ್ ಬೇರೆ, ಅಂದಳು ಮಗಳೇ. ವಿಜಯಾ ಪೆನ್ಸಿಲ್ಲಿನಲ್ಲಿ ಒಂದು ಟಿಕ್ ಹಾಕಿದಳು. ನನ್ನ ಮಧ್ಯಾಹ್ನದ ಊಟ ಅಂದೆ. ಕಾರ್ಖಾನೆಯಲ್ಲಿ ಕ್ಯಾಂಟೀನ್ ಇದೆ, ಟಿಕ್. ದಿನಾ ರೈಲಿನಲ್ಲಿ ಹೋಗಿ ಬರುವುದು ಸಾಧ್ಯವಾ ಅಂದೆ. ಕೆಜಿಎಫ್‌ನಿಂದ, ಬಂಗಾರಪೇಟೆಯಿಂದ ಬೆಳಿಗ್ಗೆ ಸಾವಿರಗಟ್ಟಲೆ ಜನ ಇಲ್ಲಿಗೆ ಕೆಲಸಕ್ಕೆ ಬರುತ್ತಾರೆ, ತಾನು ಉಲ್ಟಾ ಹೋಗುತ್ತೇನೆ, ಸೀಟೂ ಸಿಗುತ್ತದೆ ಅಂದಳು. ಕೆ.ಆರ್. ಪುರಂನಲ್ಲಿ ಆರೂವರೆಗೆ ರೈಲು, ಸಂಜೆ ಏಳೂವರೆಗೆ ವಾಪಸ್. ಎಲ್ಲ ವಿಚಾರಿಸಿಕೊಂಡಿದ್ದಾಳೆ! ಯಾರ ಕಣ್ಣಿಗೂ ಬೀಳದೆ ಒಂದೊಂದು ಕಲ್ಲನ್ನೂ ಒತ್ತಿ ನೋಡಿ ಬಂದಿದ್ದಾಳೆ.

ಕೊನೆಗೆ ಉಳಿದದ್ದು ಒಂದೇ. ಬೆಳಿಗ್ಗೆ ಏಳಕ್ಕೆ ಅಮ್ಮನ ಇಂಜೆಕ್ಷನ್. ನನ್ನ ಕಾರ್ಖಾನೆಯ ಬಸ್ಸು ಮುಕ್ಕಾಲು ಎಂಟಕ್ಕೆ. ನೀವು ಕೊಡಬಹುದಲ್ಲ ಅಂದಳು. ಸುಷ್ಮಾ ತಾನು ಕೊಡುತ್ತೇನೆ ಎಂದು ಬಾಯಿ ತೆರೆದಳು, ವಿಜಯಾ ಕೈ ಎತ್ತಿ ತಡೆದಳು. ಮಗಳು ನಾಳೆ ಯಾವುದೋ ಕಾಲೇಜಿಗೆ ಹೋಗುವವಳು, ಅವಳ ಹಣೆಗೆ ಇದನ್ನು ಅಂಟಿಸುವುದು ಬೇಡ ಅಂದಳು.

ನನಗೆ ಬರಲ್ಲ ಅಂದೆ ನಾನು. ಸೂಜಿ ಕಂಡರೆ ತಲೆ ತಿರುಗುತ್ತೆ, ನಿನಗೆ ಗೊತ್ತಲ್ಲ ಅಂದೆ.

‘ನನಗೆ ಮಾತ್ರ ಬರ್ತಿತ್ತಾ? ಮೊದಲ್ನೇ ದಿನ ಕೊಟ್ಟು, ಬಚ್ಚಲುಮನೇಲಿ ನಲ್ಲಿ ಬಿಟ್ಕೊಂಡು ಅತ್ತಿದ್ದೀನಿ ರೀ. ನಿಮಗೆ ಗೊತ್ತೇ ಇಲ್ಲ.’

ಗೊತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಒಂದು ದಿನವೂ ಗೊತ್ತಾಗಲಿಲ್ಲ. ಏಕೆಂದರೆ ಬೆಳಿಗ್ಗೆ ಏಳಕ್ಕೆ ನಾನು ಪೇಪರ್ ಹಿಡಿದುಕೊಂಡು ವರಾಂಡಕ್ಕೆ ಹೋಗಿಬಿಡುತ್ತಿದ್ದೆ. ಸಿರಿಂಜಿನ ಕವರ್ ಹರಿಯುವ ಸದ್ದು ಕೇಳಿದರೆ ಕಾಂಪೌಂಡಿನ ಗೇಟಿನವರೆಗೂ ಹೋಗುತ್ತಿದ್ದೆ. ನೀನೆಲ್ಲಿದ್ಯೋ ಎಂದು ಅಮ್ಮ ಕೇಳಿದ್ದು ಏಕೆ ಚುಚ್ಚಿತು ಎಂದು ಈಗ ತಿಳಿಯಿತು. ನಾಚಿಕೆಯಾಯಿತು, ಮುಚ್ಚಿಟ್ಟು ಮುಖ ಉಳಿಸಿಕೊಳ್ಳುವಂಥ ನಾಚಿಕೆಯಲ್ಲ, ತಲೆ ಎತ್ತಲಾಗದಂಥದ್ದು. ತಪ್ಪಿಸಲಾಗದ ಮನೆಯ ಪರಿಸ್ಥಿತಿ ಎಂದು ನಾನು ಚೆಂದವಾಗಿ ಬರೆದಿದ್ದೆನಲ್ಲ, ಅದು ಬೇರೇನೂ ಅಲ್ಲ, ಐದಡಿ ಎಂಟಂಗುಲದ ನಾನೇ.

ವಿಜಯಾ ಕಾಗದ ಹರಿಯಲಿಲ್ಲ. ಇನ್ಶೂರೆನ್ಸಿನವರು ಕಾಗದ ಹರಿಯುವುದಿಲ್ಲ. ಮೇಲೆ ‘ಪೆಂಡಿಂಗ್’ ಎಂದು ಬರೆದು ಕೀಬೋರ್ಡಿನ ಕೆಳಗಿಟ್ಟಳು.

ಮರುದಿನ ಪುಲಿಕೇಶಿನಗರದ ಕ್ಲಿನಿಕ್ಕಿಗೆ ಹೋದೆ. ವಿಜಯಾಗೆ ಕಲಿಸಿದ್ದ ವಯಸ್ಸಾದ ನರ್ಸ್ ಇನ್ನೂ ಅಲ್ಲೇ ಇದ್ದರು. ನಾಲ್ಕು ವರ್ಷದ ಹಿಂದೆಯೇ ನಿಮ್ಮನ್ನು ಕಾದೆ, ಯಾಕೆ ಬರಲಿಲ್ಲ ಎಂದು ತಮಿಳು ಬೆರೆತ ಕನ್ನಡದಲ್ಲಿ ಕೇಳಿದರು. ನನ್ನ ಕೈಗೆ ಸಿರಿಂಜು, ಮುಂದೆ ಒಂದು ಮೋಸಂಬಿ ಇಟ್ಟರು. ಮೋಸಂಬಿಗೆ ಚುಚ್ಚಿ ಕಲಿಯಬೇಕು. ನಾನು ಕಣ್ಣು ಮುಚ್ಚಿಕೊಂಡು ಸೂಜಿ ಎತ್ತಿದೆ.

‘ಕಣ್ಣು ಬಿಡಿ ಸಾರ್. ಹಣ್ಣಿಗೆ ನೋವಾಗಲ್ಲ’ ಅಂದರು.

ಶಿವಾಜಿನಗರದ ಮಾರ್ಕೆಟ್ಟಿನಿಂದ ಮೋಸಂಬಿ ತಂದು ಮನೆಯಲ್ಲಿ ಅಭ್ಯಾಸ ಶುರು ಮಾಡಿದೆ. ಚುಚ್ಚಿದ ಹಣ್ಣನ್ನು ಮನೆಯವರು ಯಾರೂ ಮುಟ್ಟಲಿಲ್ಲ. ಅಮ್ಮ ದೂರದಿಂದಲೇ ನೋಡಿ, ಆ ಹಣ್ಣಿನ ಪಾಡು ನನಗೆ ಬೇಡಪ್ಪಾ ಅಂದಳು. ಮೋಸಂಬಿಯ ಮೇಲೆ ಕೈ ಕೂತಿತು. ಆದರೆ ಅಮ್ಮನ ಸರದಿ ಬಂದರೆ ಮಾತ್ರ ನಾಳೆ ನೋಡೋಣ ಅನ್ನುತ್ತಿದ್ದೆ. ಹೇಗೂ ವಿಜಯಾ ಇದ್ದಾಳಲ್ಲ.

ಗುರುವಾರ ಸಂಜೆ ಧೈರ್ಯ ಮಾಡಿ ಕೇಳಿದೆ, ನಾಳೆಯೇ ಕಡೆಯ ದಿನ, ಏನು ಮಾಡುತ್ತೀ ಎಂದು. ನಾನು ಇನ್ನೂ ಒಂದು ವಾರ ಕಲಿಯಬೇಕು ಎಂದೂ ಸೇರಿಸಿದೆ. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ನಾಲ್ಕನೇ ಅಂತಸ್ತಿನ ಬೀಗವೊಂದನ್ನು ತೆಗೆಯುತ್ತಿದ್ದಳು.

‘ಬುಧವಾರಾನೇ ಕೊಟ್ಬಿಟ್ಟೆ ರೀ. ಹೋಗ್ತೀನಿ ಅಂತ. ನಾನೇ ಬರ್ದೆ.’

ಚುಚ್ಚಲು ಹಿಡಿದಿದ್ದ ಮೋಸಂಬಿ ಇನ್ನೇನು ಕೈಯಿಂದ ಬೀಳುವುದರಲ್ಲಿತ್ತು. ಒಂದು ಕ್ಷಣ ಕೋಪವೂ ಬಂತು, ಸುಳ್ಳು ಹೇಳುವುದಿಲ್ಲ. ನನ್ನನ್ನು ಕೇಳದೆಯೇ? ಆಮೇಲೆ ಬಾಯಿ ಮುಚ್ಚಿಕೊಂಡೆ. ಕೇಳದೆ ಬರೆಯುವುದರ ಬಗ್ಗೆ ನಾನು ಮಾತಾಡಿದರೆ ಸುರಂಗದ ಹೆಗ್ಗಣವೂ ನಕ್ಕೀತು.

ಹೋದ ಸೋಮವಾರ ಅವಳು ಕೆಲಸಕ್ಕೆ ಸೇರಿಕೊಂಡಳು. ಸ್ಕೂಟರಿನಲ್ಲಿ ಕೆ.ಆರ್. ಪುರಂ ಸ್ಟೇಷನ್ನಿಗೆ ಬಿಟ್ಟೆ. ಎದುರಿನ ಪ್ಲಾಟ್‌ಫಾರಂಗೆ ಬಂಗಾರಪೇಟೆ ಕಡೆಯಿಂದ ರೈಲು ಬಂತು, ಬಾಗಿಲಿಗೆ ಜೋತುಬಿದ್ದವರೇ ಐವತ್ತು ಜನ. ಇವಳ ರೈಲು ಬಂತು, ಅರ್ಧ ಖಾಲಿ. ಕಿಟಕಿ ಪಕ್ಕ ಕೂತಳು. ಊಟದ ಡಬ್ಬಿ ತೊಡೆಯ ಮೇಲೆ, ಹೊಸ ಪೆನ್ನು ಬ್ಯಾಗಿನಲ್ಲಿ. ಇಪ್ಪತ್ತು ವರ್ಷದ ಹಿಂದೆ ಮದುವೆಯಾಗಿ ಬಂದಾಗ ಅವಳ ಮುಖ ಹೀಗಿತ್ತು ಎಂದು ನೆನಪಾಯಿತು. ಏಳು ಅಂದರೆ ಏಳು, ತಡ ಮಾಡಬೇಡಿ, ಹತ್ತಿ ಸ್ಟೀಲ್ ಡಬ್ಬಿಯಲ್ಲಿದೆ ಅಂದಳು. ರೈಲು ಹೊರಟಿತು.

ಹಳೆ ಮದ್ರಾಸ್ ರೋಡಿನಲ್ಲಿ ಸ್ಕೂಟರನ್ನು ನಾನು ಅಷ್ಟು ನಿಧಾನವಾಗಿ ಯಾವತ್ತೂ ಓಡಿಸಿಲ್ಲ. ಸೈಕಲ್ಲಿನವರು ಕೂಡ ಹಿಂದಿಕ್ಕಿ ಹೋದರು. ಆದರೂ ಏಳಕ್ಕೆ ಐದು ನಿಮಿಷ ಇರುವಾಗಲೇ ಮನೆ ಬಂದುಬಿಟ್ಟಿತು.

ಅಮ್ಮ ಕುರ್ಚಿಯಲ್ಲಿ ಕೂತು, ತೋಳು ಸರಿಮಾಡಿಕೊಂಡು, ಗೋಡೆಯ ಕ್ಯಾಲೆಂಡರ್ ಕಡೆ ಮುಖ ತಿರುಗಿಸಿಕೊಂಡಿದ್ದಳು. ಸುಷ್ಮಾ ಫ್ರಿಜ್ಜಿನಿಂದ ಬಾಟಲಿ ತೆಗೆದಿಟ್ಟಿದ್ದಳು. ಕೈ ತೊಳೆದೆ. ಮತ್ತೊಂದು ಸಲ ತೊಳೆದೆ. ಔಷಧಿ ಎಳೆದೆ, ಗುಳ್ಳೆ ಇದೆಯಾ ನೋಡಿದೆ, ಬೆಳಕಿಗೆ ಹಿಡಿದು ಗೆರೆ ಎಣಿಸಿದೆ. ವರಾಂಡದಲ್ಲಿ ಪೇಪರ್ ಬಿದ್ದ ಸದ್ದಾಯಿತು. ಕಾಲು ತಾನಾಗಿ ಅತ್ತ ತಿರುಗಿತು, ಅಭ್ಯಾಸಬಲ.

‘ಅಪ್ಪಾ, ನಿನ್ನ ಟರ್ನ್’ ಅಂದಳು ಸುಷ್ಮಾ.

ಕಣ್ಣು ಬಿಟ್ಟುಕೊಂಡೇ ಕೊಟ್ಟೆ. ಅಮ್ಮ ಹಾಗೇ ಕ್ಯಾಲೆಂಡರ್ ನೋಡುತ್ತ, ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದಳು. ಹತ್ತಿ ಒತ್ತಿ, ಮುಗೀತಮ್ಮಾ ಅಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. ಅಮ್ಮ ನಂಬದೆ ಒಮ್ಮೆ ತೋಳನ್ನೂ ಒಮ್ಮೆ ನನ್ನನ್ನೂ ನೋಡಿದಳು.

‘ಇಷ್ಟಕ್ಕೇನೋ ಅವಳನ್ನ ನಾಲ್ಕು ವರ್ಷ ಅದೇ ಕುರ್ಚೀಲಿ ಕೂರಿಸಿದ್ದೆ?’